ಫೋಟೋ ಕಿಯಾಸ್ಕ್ ಮುಂದೆ ನಿಂತು ಯೋಚನೆ ಮಾಡೋಕೆ ಹೋಗ್ಬೇಡಿ, ಅದನ್ನ ಮನೇಲೇ ಮುಗಿಸ್ಕೊಳ್ಳಿ

ಟಚ್ ಸ್ಕ್ರೀನ್ ಇರೋ, ನಾವೇ ಫೋನೋ ಪೆನ್‌ಡ್ರೈವೋ ಕನೆಕ್ಟ್ ಮಾಡಿ ಫೋಟೋ ಆರಿಸಿ ಪ್ರಿಂಟ್ ತಗೊಳ್ಳೋ ಮಷೀನ್ ನೋಡಿರ್ತೀರ. ಬಳಸೋದು ಏನೂ ಕಷ್ಟ ಇಲ್ಲ, ಸ್ಕ್ರೀನ್ ಹೇಳಿದ ಕಡೆ ಒತ್ತುತ್ತಾ ಹೋದ್ರೆ ಕೊನೇಲಿ ಪ್ರಿಂಟ್ ಬಂದೇ ಬರತ್ತೆ. ಆದ್ರೆ ಬಂದಿರೋದನ್ನ ಕೈಗೆ ತಗೊಂಡು "ಅಯ್ಯೋ ಹಿಂದೆ ನಿಂತವ್ರ ತಲೇನೇ ಇಲ್ವಲ್ಲ" ಅಂತಲೋ "ಫೋನಲ್ಲಿ ಇಷ್ಟು ಕತ್ತಲೆ ಇರ್ಲಿಲ್ಲ" ಅಂತಲೋ ಅನ್ನೋರೇ ಜಾಸ್ತಿ. ಇದ್ರಲ್ಲಿ ಮಷೀನ್ ತಪ್ಪು ಕಮ್ಮಿ, ಅದು ನಾವು ಓಕೆ ಒತ್ತಿದ್ದನ್ನೇ ಮಾಡಿರತ್ತೆ. ತೊಂದ್ರೆ ಏನಂದ್ರೆ ಹಿಂದೆ ನಾಲ್ಕು ಜನ ಕಾಯ್ತಿರ್ತಾರೆ, ಸ್ವಲ್ಪ ಹೊತ್ತು ಮುಟ್ಟದೇ ಇದ್ರೆ "ಇನ್ನೂ ಇದ್ದೀರಾ?" ಅಂತ ಸ್ಕ್ರೀನೇ ಕೇಳತ್ತೆ, ಆ ಗಡಿಬಿಡೀಲಿ ಸಾವಿರ ಫೋಟೋ ಸ್ಕ್ರಾಲ್ ಮಾಡಿ, ಸೈಜ್ ಯೋಚಿಸಿ, ಕ್ರಾಪ್ ನೋಡಿ ಎಲ್ಲಾ ಮಾಡೋಕಾಗಲ್ಲ. ಅದಕ್ಕೇ ತಲೆ ಓಡಿಸೋ ಕೆಲಸ ಪೂರ್ತಿ ಮನೇಲಿ ಕೂತು ಮಾಡ್ಕೊಂಡು ಹೋಗಿ, ಅಲ್ಲಿ ಬರೀ ಬಟನ್ ಒತ್ತೋದಷ್ಟೇ ಇರ್ಲಿ.

ಮೊದಲು ಒಂದು ವಿಷಯ ತಿಳ್ಕೊಂಡಿರಿ, ನೋಡೋಕೆ ಒಂದೇ ಥರ ಇದ್ರೂ ಈ ಮಷೀನ್‌ಗಳಲ್ಲಿ ಎರಡು ಜಾತಿ. ಒಂದು, ಅಲ್ಲೇ ಕೆಳಗೆ ಪ್ರಿಂಟರ್ ಇದ್ದು ನಿಂತ ನಿಲುವಲ್ಲೇ ಫೋಟೋ ಉಗುಳೋದು. ಇನ್ನೊಂದು ಬರೀ ಆರ್ಡರ್ ತಗೊಳ್ಳೋ ಸ್ಕ್ರೀನು, ನೀವು ಆರಿಸಿದ್ದೆಲ್ಲಾ ಒಳಗಿರೋ ದೊಡ್ಡ ಲ್ಯಾಬ್ ಮಷೀನ್‌ಗೆ ಹೋಗತ್ತೆ, ಕೈಗೆ ಒಂದು ರಸೀದಿ ಬರತ್ತೆ, ಸ್ವಲ್ಪ ಹೊತ್ತಿಗೋ ಮಾರನೇ ದಿನಕ್ಕೋ ಕೌಂಟರಲ್ಲಿ ಹೋಗಿ ಇಸ್ಕೊಳ್ಳೋದು. ಹತ್ತು ಇಪ್ಪತ್ತು ಫೋಟೋ ಅರ್ಜೆಂಟಾಗಿ ಬೇಕಂದ್ರೆ ಮೊದಲ್ನೇದು ಸರಿ. ಇಡೀ ಆಲ್ಬಮ್ಮೇ ಮಾಡಿಸ್ಬೇಕು, ಅವಸರ ಇಲ್ಲ ಅಂದ್ರೆ ಎರಡನೇದೇ ವಾಸಿ, ಸಾಮಾನ್ಯವಾಗಿ ಒಂದೊಂದು ಪ್ರಿಂಟ್‌ಗೆ ಬೀಳೋ ರೇಟೂ ಅಲ್ಲಿ ಕಮ್ಮಿ ಇರತ್ತೆ. ನಿಂತಿರೋ ಮಷೀನ್ ಯಾವ್ದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಶುರು ಮಾಡೋ ಮುಂಚೆನೇ ಕೇಳ್ಬಿಡಿ, ದುಡ್ಡು ಕೊಟ್ಟ ಮೇಲೆ "ನಾಳೆ ಬನ್ನಿ" ಅಂದ್ರೆ ಬೇಜಾರಾಗತ್ತೆ.

ಒಳಗೆ ಏನಾಗತ್ತೆ

ಅಲ್ಲೇ ಪ್ರಿಂಟ್ ಕೊಡೋ ಕಿಯಾಸ್ಕ್‌ಗಳಲ್ಲಿ ಹೆಚ್ಚಿನವು ಇಂಕ್ ಬಳಸೋದೇ ಇಲ್ಲ. ಇದಕ್ಕೆ ಡೈ ಸಬ್ಲಿಮೇಷನ್ ಅಂತಾರೆ, ಬಾಯ್ಮಾತಲ್ಲಿ ಡೈಸಬ್. ಒಂದು ಉದ್ದನೆ ರಿಬ್ಬನ್ ಇರತ್ತೆ, ಅದ್ರಲ್ಲಿ ಹಳದಿ, ಮೆಜೆಂಟಾ (ಗಾಢ ಗುಲಾಬಿ), ಸಯಾನ್ (ಹಸಿರು ಬೆರೆತ ನೀಲಿ) ಬಣ್ಣದ ಪಟ್ಟಿಗಳು ಒಂದಾದ ಮೇಲೆ ಒಂದು, ಕೊನೇಲಿ ಬಣ್ಣ ಇಲ್ಲದ ಕೋಟಿಂಗ್ ಪಟ್ಟಿ. ಪೇಪರ್ ಮೇಲೆ ಆ ರಿಬ್ಬನ್ ಕೂರಿಸಿ ಸಣ್ಣ ಸಣ್ಣ ಹೀಟರ್‌ಗಳ ಸಾಲೊಂದು ಬಿಸಿ ಮಾಡತ್ತೆ, ಎಷ್ಟು ಬಿಸಿಯೋ ಅಷ್ಟು ಬಣ್ಣ ಪೇಪರ್ ಒಳಗೆ ಇಳಿಯತ್ತೆ. ಹೀಗೆ ಮೂರು ಬಣ್ಣಕ್ಕೆ ಮೂರು ಸಲ, ಕೋಟಿಂಗ್‌ಗೆ ಒಂದು ಸಲ, ಒಟ್ಟು ನಾಲ್ಕು ಸಲ ಒಂದೇ ಪೇಪರ್ ಹಿಂದೆ ಮುಂದೆ ಓಡಾಡತ್ತೆ. ಕೆಲವು ಚಿಕ್ಕ ಮಷೀನಲ್ಲಿ ಇದು ಕಣ್ಣಿಗೇ ಕಾಣತ್ತೆ, ಮೊದಲು ಬರೀ ಹಳದಿ ಫೋಟೋ ತಲೆ ಹಾಕಿ ವಾಪಸ್ ಒಳಗೆ ಹೋಗತ್ತೆ, ಆಗ ಕೆಟ್ಟೋಯ್ತು ಅಂದ್ಕೊಂಡು ಹಿಡಿದು ಎಳೀಬೇಡಿ, ಎಳೆದ್ರೆ ನಿಜವಾಗ್ಲೂ ಕೆಡತ್ತೆ.

ಇದು ಗೊತ್ತಿದ್ರೆ ಇನ್ನೂ ಕೆಲವು ಪ್ರಶ್ನೆಗೆ ಉತ್ತರ ತಾನಾಗೇ ಸಿಗತ್ತೆ. ಹೊರಗೆ ಬಂದ ಪ್ರಿಂಟ್ ಆಗ್ಲೇ ಒಣಗಿರತ್ತೆ, ಊದಿ ಆರಿಸ್ಬೇಕಾಗಿಲ್ಲ. ಬ್ಲ್ಯಾಕ್ ಆಂಡ್ ವೈಟ್ ಫೋಟೋ ಅಂತ ರೇಟ್ ಕಮ್ಮಿ ಇರಲ್ಲ, ಯಾಕಂದ್ರೆ ಫೋಟೋದಲ್ಲಿ ಬಣ್ಣ ಇರ್ಲಿ ಬಿಡ್ಲಿ ಮೂರೂ ಪಟ್ಟಿ ಖರ್ಚಾಗೇ ಆಗತ್ತೆ, ಕಪ್ಪು ಅನ್ನೋ ಪಟ್ಟಿನೇ ಬೇರೆ ಇಲ್ಲ, ಮೂರನ್ನೂ ಸೇರಿಸಿನೇ ಕಪ್ಪು ಮಾಡೋದು. ಹಾಗಾಗಿ ಕಪ್ಪು ಬಿಳುಪು ಫೋಟೋದಲ್ಲಿ ಅಲ್ಲಲ್ಲಿ ಸ್ವಲ್ಪ ಹಸಿರೋ ನೇರಳೆಯೋ ಛಾಯೆ ಕಂಡ್ರೆ ಅದು ಆ ಮೂರರ ಅಳತೆ ಚೂರು ಹೆಚ್ಚುಕಮ್ಮಿ ಆಗಿರೋದು. ಗ್ಲಾಸಿ ಬೇಕಾ ಮ್ಯಾಟ್ ಬೇಕಾ ಅಂತ ಸ್ಕ್ರೀನ್ ಕೇಳಿದ್ರೆ ಬೇರೆ ಪೇಪರ್ ಹಾಕ್ತಾರೆ ಅಂತ ಅಂದ್ಕೋಬೇಡಿ, ಇಂಥ ತುಂಬಾ ಪ್ರಿಂಟರ್‌ಗಳಲ್ಲಿ ಪೇಪರ್ ಅದೇ, ಕೊನೇ ಕೋಟಿಂಗ್ ಹಾಕೋವಾಗ ಬಿಸಿಯಲ್ಲಿ ಏರಿಳಿತ ಮಾಡಿ ಮೇಲ್ಮೈನ ತರಿತರಿ ಮಾಡತ್ತೆ, ಅದೇ ಮ್ಯಾಟ್. ನನ್ನ ಪ್ರಕಾರ ಕೈಯಿಂದ ಕೈಗೆ ಓಡಾಡೋ ಫೋಟೋಗೆ ಮ್ಯಾಟ್ ಒಳ್ಳೇದು, ಬೆರಳಚ್ಚು ಕಾಣಲ್ಲ. ಗಾಜಿನ ಫ್ರೇಮಿಗೆ ಹಾಕೋದಾದ್ರೆ ಯಾವ್ದಾದ್ರೂ ನಡಿಯತ್ತೆ.

ಫೋಟೋ ಆರಿಸೋದು, ಒರಿಜಿನಲ್ ಹುಡುಕೋದು

ಫೋನಲ್ಲೇ ಹೊಸ ಆಲ್ಬಮ್ ಒಂದು ಮಾಡಿ, ಪ್ರಿಂಟ್ ಅಂತ ಹೆಸರಿಟ್ಟು ಬೇಕಾಗಿರೋದನ್ನ ಅದಕ್ಕೆ ಹಾಕ್ತಾ ಹೋಗಿ. ಒಂದೇ ಪೋಸಲ್ಲಿ ಆರು ಫೋಟೋ ಇದ್ರೆ ಈಗ್ಲೇ ಒಂದನ್ನ ಆರಿಸಿ, ಕಿಯಾಸ್ಕ್ ಸ್ಕ್ರೀನಲ್ಲಿ ಕಾಣೋ ಚಿಕ್ಕ ಚಿಕ್ಕ ಚೌಕದಲ್ಲಿ ಯಾರು ಕಣ್ಣು ಮುಚ್ಚಿದ್ದಾರೆ ಅಂತ ಗೊತ್ತಾಗಲ್ಲ. ಎಲ್ಲಾದನ್ನೂ ಒಂದ್ಸಲ ಝೂಮ್ ಮಾಡಿ ಮುಖ ಶಾರ್ಪ್ ಇದ್ಯಾ ನೋಡಿ.

ಈಗ ಮುಖ್ಯವಾದ್ದು, ಫೋನಲ್ಲಿ ಕಾಣ್ತಿರೋ ಫೋಟೋ ನಿಜವಾಗ್ಲೂ ಫೋನಲ್ಲಿ ಇದ್ಯಾ? ಐಫೋನಲ್ಲಿ ಸ್ಟೋರೇಜ್ ಉಳಿಸೋ ಆಪ್ಷನ್ ಆನ್ ಇದ್ರೆ ಒರಿಜಿನಲ್ ಐಕ್ಲೌಡಲ್ಲಿ ಇರತ್ತೆ, ಫೋನಲ್ಲಿ ಅದರ ಚಿಕ್ಕ ಕಾಪಿ ಮಾತ್ರ ಇರ್ಬಹುದು. ಆಂಡ್ರಾಯ್ಡಲ್ಲಿ ಗೂಗಲ್ ಫೋಟೋಸ್ ಒಳಗೆ ಜಾಗ ಖಾಲಿ ಮಾಡೋ ಬಟನ್ ಯಾವತ್ತೋ ಒತ್ತಿದ್ರೂ ಇದೇ ಕಥೆ, ಆಪಲ್ಲಿ ಕಾಣತ್ತೆ, ಕೇಬಲ್ ಹಾಕಿದ್ರೆ ಮಷೀನ್‌ಗೆ ಸಿಗಲ್ಲ. ಅಂಗಡೀಲಿ ನಿಂತು ಮೊಬೈಲ್ ಡೇಟಾದಲ್ಲಿ ಐವತ್ತು ಫೋಟೋ ಡೌನ್‌ಲೋಡ್ ಆಗೋಕೆ ಕಾಯೋ ಬದಲು ಮನೇ ವೈಫೈನಲ್ಲೇ ಇಳಿಸ್ಕೊಳ್ಳಿ.

ವಾಟ್ಸಾಪಲ್ಲಿ ಬಂದ ಫೋಟೋ ಪ್ರಿಂಟ್ ಹಾಕ್ಬಹುದಾ ಅಂತ ಎಲ್ರೂ ಕೇಳ್ತಾರೆ. ಹಾಕ್ಬಹುದು, ಆದ್ರೆ ಚಿಕ್ಕದಾಗಿ. ಲೆಕ್ಕ ಇಷ್ಟೇ: ಈ ಪ್ರಿಂಟರ್‌ಗಳು ಸಾಮಾನ್ಯವಾಗಿ ಇಂಚಿಗೆ 300 ಚುಕ್ಕಿ ಹಾಕ್ತಾವೆ, ಅಂದ್ರೆ 4 ಬೈ 6 ಇಂಚಿಗೆ 1200 ಬೈ 1800 ಪಿಕ್ಸೆಲ್ ಇದ್ರೆ ಪೂರ್ತಿ ಆಯ್ತು, ಅದು ಬರೀ 2 ಮೆಗಾಪಿಕ್ಸೆಲ್ ಚಿಲ್ರೆ. 5 ಬೈ 7ಕ್ಕೆ 3 ಮೆಗಾಪಿಕ್ಸೆಲ್ ಚಿಲ್ರೆ, 8 ಬೈ 10ಕ್ಕೆ 7 ಚಿಲ್ರೆ. ಹತ್ತು ವರ್ಷದ ಹಿಂದಿನ ಫೋನಲ್ಲಿ ತೆಗೆದಿದ್ದೂ ಒರಿಜಿನಲ್ ಇದ್ರೆ ಇಷ್ಟಕ್ಕೆ ಸಾಕು. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರತ್ತೆ, ಅದನ್ನ 6 ಇಂಚಿಗೆ ಹರಡಿದ್ರೆ ಇಂಚಿಗೆ 260ರ ಮೇಲೇ ಬರತ್ತೆ, ಪರ್ವಾಗಿಲ್ಲ ಅನ್ನೋ ಪ್ರಿಂಟ್ ಸಿಗತ್ತೆ. ಅದನ್ನೇ 10 ಇಂಚಿಗೆ ಎಳೆದ್ರೆ 160, ಮುಖ ಮೆತ್ತಗಾಗತ್ತೆ, ಕೂದ್ಲು ಕಲಸಿದಂಗೆ ಕಾಣತ್ತೆ. 2023ರಲ್ಲಿ ಬಂದ ಎಚ್‌ಡಿ ಆಪ್ಷನ್ ಒತ್ತಿ ಕಳಿಸಿದ್ರೆ ಇದಕ್ಕಿಂತ ಚೆನ್ನಾಗಿರತ್ತೆ, ಡಾಕ್ಯುಮೆಂಟ್ ಥರ ಅಟ್ಯಾಚ್ ಮಾಡಿ ಕಳಿಸಿದ್ರೆ ಫೈಲ್ ಹೇಗಿತ್ತೋ ಹಾಗೇ ಬರತ್ತೆ. ಫೋಟೋ ತೆಗೆದವ್ರಿಗೆ ಒಂದು ಮೆಸೇಜ್ ಹಾಕಿ "ಡಾಕ್ಯುಮೆಂಟ್ ಮಾಡಿ ಕಳಿಸ್ರಿ" ಅಂದ್ರೆ ಆಯ್ತಲ್ಲ. ಸ್ಕ್ರೀನ್‌ಶಾಟ್ ಮಾತ್ರ ಬೇಡವೇ ಬೇಡ, ಉದ್ದುದ್ದ ಇರತ್ತೆ, ಮೇಲೆ ಕೆಳಗೆ ಕಪ್ಪು ಪಟ್ಟಿ, ಮಧ್ಯ ಫೋಟೋ ಚಿಕ್ಕದು, ಕೆಲವು ಸಲ ಬ್ಯಾಟರಿ ಚಿಹ್ನೆನೂ ಪ್ರಿಂಟ್ ಆಗಿ ಬರತ್ತೆ.

ತಲೆ ಕಟ್ ಆಗೋ ಕಥೆ

ಕಿಯಾಸ್ಕ್ ಬಗ್ಗೆ ಬರೋ ದೂರುಗಳಲ್ಲಿ ಮೊದಲ್ನೇ ಸ್ಥಾನ ಇದಕ್ಕೇ ಕೊಡ್ಬೇಕು, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಫೋಟೋಗೆ ಒಂದು ಆಕಾರ ಇರತ್ತೆ, ಪೇಪರ್‌ಗೆ ಒಂದು ಆಕಾರ ಇರತ್ತೆ, ಎರಡೂ ಒಂದೇ ಅಲ್ಲ. ಫೋನ್ ಕ್ಯಾಮೆರಾ ಮಾಮೂಲಿಯಾಗಿ ತೆಗೆಯೋದು 4:3 ಅಳತೇಲಿ. 4 ಬೈ 6 ಪೇಪರ್ ಇರೋದು 3:2 ಅಳತೇಲಿ, ಅದು ಹಳೇ 35 ಎಂಎಂ ಫಿಲಂ ಫ್ರೇಮಿನ ಆಕಾರ, ಈಗಿನ ಡಿಎಸ್‌ಎಲ್‌ಆರ್‌ಗಳದ್ದೂ ಹೆಚ್ಚಾಗಿ ಅದೇ. ಅಂದ್ರೆ ಉದ್ದಕ್ಕೆ ಹೋಲಿಸಿದ್ರೆ ಫೋನ್ ಫೋಟೋದ ಅಗಲ ಪೇಪರ್‌ಗಿಂತ ಸ್ವಲ್ಪ ಜಾಸ್ತಿ. ಪೇಪರ್ ಪೂರ್ತಿ ತುಂಬಿಸ್ಬೇಕು ಅಂದ್ರೆ ಒಂಬತ್ತರಲ್ಲಿ ಒಂದು ಭಾಗ ಕತ್ತರಿಸ್ಲೇಬೇಕು, ಮಷೀನ್ ಏನ್ ಮಾಡತ್ತೆ, ಮಧ್ಯ ಹಿಡ್ಕೊಂಡು ಎರಡೂ ಕಡೆ ಅರ್ಧರ್ಧ ಕತ್ತರಿಸತ್ತೆ. ಅಡ್ಡ ಫೋಟೋ ಆದ್ರೆ ಮೇಲೆ ಕೆಳಗೆ ಹೋಗತ್ತೆ, ಹಿಂದಿನ ಸಾಲಲ್ಲಿ ನಿಂತವ್ರ ತಲೆ ಅಲ್ಲೇ ಇರೋದು.

ಫುಲ್ ಸ್ಕ್ರೀನ್ ಚೆನ್ನಾಗಿ ಕಾಣತ್ತೆ ಅಂತ ಫೋನಲ್ಲಿ 16:9 ಇಟ್ಟು ತೆಗೆದಿದ್ರೆ ಉಲ್ಟಾ ತೊಂದ್ರೆ, ಅದು ಪೇಪರ್‌ಗಿಂತ ಉದ್ದ, ಅಕ್ಕಪಕ್ಕದಿಂದ ಒಟ್ಟು ನೂರಕ್ಕೆ 15ರಷ್ಟು ಹೋಗತ್ತೆ, ಗ್ರೂಪ್ ಫೋಟೋದಲ್ಲಿ ಕೊನೇಲಿ ನಿಂತವ್ರು ಔಟ್. ಡಿಎಸ್‌ಎಲ್‌ಆರ್ ಫೋಟೋ 4 ಬೈ 6ಕ್ಕೆ ಸರಿಯಾಗಿ ಕೂರತ್ತೆ, ಆದ್ರೆ ಅದನ್ನೇ 8 ಬೈ 10ಕ್ಕೆ ಹಾಕಿದ್ರೆ ಉದ್ದದಲ್ಲಿ ಆರರಲ್ಲಿ ಒಂದು ಭಾಗ ಹೋಗತ್ತೆ, ಇದು ಕ್ಯಾಮೆರಾ ಇಟ್ಕೊಂಡಿರೋರೂ ಮರೆಯೋ ವಿಷಯ. ಫೋನ್ ಫೋಟೋಗೆ ಸರಿಯಾಗಿ ಹೊಂದೋ ಪೇಪರ್ 6 ಬೈ 8, ಕೆಲವು ಮಷೀನಲ್ಲಿ ಸಿಗತ್ತೆ, ಅದ್ರಲ್ಲಿ ಏನೂ ಕಟ್ ಮಾಡ್ಬೇಕಾಗಿಲ್ಲ.

ಇದಕ್ಕೆ ಪರಿಹಾರ ಫೋನಲ್ಲೇ ಇದೆ. ಎಡಿಟ್ ಒತ್ತಿ ಕ್ರಾಪ್‌ಗೆ ಹೋಗಿ, ಅಳತೆ ಆರಿಸೋ ಕಡೆ 3:2 ಅಂತ ಇಟ್ಟು ಎಲ್ಲಿ ಕತ್ತರಿಸ್ಬೇಕು ಅಂತ ನೀವೇ ಎಳೆದು ಕೂರಿಸಿ, ತಲೆ ಉಳಿಸಿ ಕಾಲ ಕೆಳಗಿನ ನೆಲ ಬಿಡಿ. ಒರಿಜಿನಲ್ ಹಾಳಾಗತ್ತೆ ಅಂತ ಭಯ ಇದ್ರೆ ಕಾಪಿ ಮಾಡಿ ಸೇವ್ ಮಾಡ್ಕೊಳ್ಳಿ. ಅಂಚಿಗೆ ತೀರಾ ಹತ್ತಿರ ಏನೂ ಬಿಡ್ಬೇಡಿ, ಬಾರ್ಡರ್ ಇಲ್ಲದ ಪ್ರಿಂಟಲ್ಲಿ ಬಿಳಿ ಗೆರೆ ಕಾಣಬಾರ್ದು ಅಂತ ಮಷೀನ್ ಫೋಟೋನ ಚೂರು ಹಿಗ್ಗಿಸಿ ಸುತ್ತ ಒಂದೆರಡು ಮಿಲಿಮೀಟರ್ ತಿನ್ನತ್ತೆ. ಫೋಟೋ ಮೇಲೆ ಹೆಸರು ತಾರೀಕು ಬರೆದಿದ್ರೆ ಅದನ್ನೂ ಒಳಗೆ ಸರಿಸಿ.

ಯಾರನ್ನೂ ಕಟ್ ಮಾಡೋ ಹಾಗೇ ಇಲ್ಲ, ಅಷ್ಟು ತುಂಬಿದ ಗ್ರೂಪ್ ಫೋಟೋ ಅಂದ್ರೆ ಫಿಟ್ ಅನ್ನೋ ಆಪ್ಷನ್ ಇರತ್ತೆ, ಪೂರ್ತಿ ಫೋಟೋ ಬರತ್ತೆ, ಎರಡು ಕಡೆ ಬಿಳಿ ಪಟ್ಟಿ ಉಳಿಯತ್ತೆ. ತುಂಬಾ ಜನಕ್ಕೆ ಆ ಪಟ್ಟಿ ಕಂಡ್ರೆ ಆಗಲ್ಲ, ಪ್ರಿಂಟ್ ಕೆಟ್ಟಿದೆ ಅನ್ಕೋತಾರೆ, ನನಗಂತೂ ತಲೆ ಇಲ್ಲದ ಮಾವನಿಗಿಂತ ಬಿಳಿ ಪಟ್ಟಿನೇ ಮೇಲು. ಬೇಕಿದ್ರೆ ಆಮೇಲೆ ಕತ್ತರಿ ತಗೊಂಡು ಪಟ್ಟಿ ಕತ್ತರಿಸ್ಬಹುದು, ಹೋದ ತಲೆ ವಾಪಸ್ ಬರಲ್ಲ.

ಕತ್ತಲೆ ಪ್ರಿಂಟ್

ಫೋನ್ ಸ್ಕ್ರೀನ್ ತಾನೇ ಬೆಳಕು ಬಿಡತ್ತೆ, ಪೇಪರ್ ಬೆಳಕು ಬಿಡಲ್ಲ, ಬಿದ್ದಿದ್ದನ್ನ ವಾಪಸ್ ಕೊಡತ್ತೆ ಅಷ್ಟೇ. ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿ ಚೆನ್ನಾಗಿದೆ ಅಂದ ಫೋಟೋ ಪೇಪರಲ್ಲಿ ಮಬ್ಬಾಗೇ ಬರೋದು. ಮನೇಲಿ ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಆಟೋ ಬ್ರೈಟ್‌ನೆಸ್ ಆಫ್ ಮಾಡಿ, ಆಗಲೂ ಮುಖ ಸ್ಪಷ್ಟ ಕಾಣತ್ತಾ ನೋಡಿ. ಕಾಣಲ್ಲ ಅಂದ್ರೆ ಎಡಿಟಲ್ಲಿ ನೆರಳಿನ ಭಾಗ ಸ್ವಲ್ಪ ಎತ್ತಿ. ಸಂಜೆ ಹೊತ್ತು, ಒಳಾಂಗಣದ ಫೋಟೋಗಳಿಗೆ ಇದು ಹೆಚ್ಚುಕಮ್ಮಿ ಬೇಕೇ ಬೇಕು. ಕ್ಯಾಮೆರಾದವ್ರಿಗೆ ಇನ್ನೊಂದು ಮಾತು, ಅಡೋಬ್ ಆರ್‌ಜಿಬಿ ಅನ್ನೋ ಬಣ್ಣದ ಸೆಟ್ಟಿಂಗಲ್ಲಿ ಸೇವ್ ಮಾಡಿದ್ರೆ ಕಿಯಾಸ್ಕ್ ಅದನ್ನ ಮಾಮೂಲಿ ಎಸ್‌ಆರ್‌ಜಿಬಿ ಅಂದ್ಕೊಂಡು ಓದೋ ಸಾಧ್ಯತೆ ಜಾಸ್ತಿ, ಬಣ್ಣ ಎಲ್ಲಾ ಸಪ್ಪೆ ಬರತ್ತೆ, ಎಸ್‌ಆರ್‌ಜಿಬಿಗೆ ಬದಲಾಯಿಸಿ ತಗೊಂಡ್ಹೋಗಿ.

ಫೋಟೋ ಮಷೀನಿಗೆ ತಲುಪಿಸೋದು

ಫೈಲ್ ಜೆಪೆಗ್ (.jpg) ಆಗಿದ್ರೆ ಎಲ್ಲಾ ಕಡೆ ನಡಿಯತ್ತೆ, ಬೇರೆದು ನಡಿಯತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. 2017ರಲ್ಲಿ ಐಒಎಸ್ 11 ಬಂದಾಗಿಂದ ಐಫೋನ್‌ಗಳು ಎಚ್‌ಇಐಸಿ ಅನ್ನೋ ಫಾರ್ಮ್ಯಾಟಲ್ಲಿ ಫೋಟೋ ಉಳಿಸ್ತಾವೆ, ಹಳೇ ಕಿಯಾಸ್ಕ್‌ಗಳಿಗೆ ಅದು ಕಾಣೋದೇ ಇಲ್ಲ, ಪೆನ್‌ಡ್ರೈವ್ ತುಂಬಾ ಫೋಟೋ ಇದ್ರೂ "ಚಿತ್ರಗಳು ಸಿಗಲಿಲ್ಲ" ಅನ್ನತ್ತೆ. ಮುಂದೆ ತೆಗೆಯೋ ಫೋಟೋಗೆ ಸೆಟ್ಟಿಂಗ್ಸ್‌ನ ಕ್ಯಾಮೆರಾ ಒಳಗೆ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದ್ರೆ ಜೆಪೆಗ್ ಬರತ್ತೆ, ಈಗಾಗ್ಲೇ ಇರೋದನ್ನ ಕನ್ವರ್ಟ್ ಮಾಡ್ಕೊಳ್ಳಿ. ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದೇ ಹಾಗೇ ಉಳಿಸಿದ್ದು) ಅಂತೂ ತಗೊಂಡೇ ಹೋಗ್ಬೇಡಿ.

ನನ್ನ ಆಯ್ಕೆ ಪೆನ್‌ಡ್ರೈವ್. ಹಳೇ ವಿಧಾನ ಅನ್ನಿಸ್ಬಹುದು, ಆದ್ರೆ ಕೈ ಕೊಡೋದು ಕಮ್ಮಿ. ಅದನ್ನ ಫ್ಯಾಟ್ 32 ಅಥವಾ ಎಕ್ಸ್‌ಫ್ಯಾಟಲ್ಲಿ ಫಾರ್ಮ್ಯಾಟ್ ಮಾಡಿ (ಅಂದ್ರೆ ಒಳಗಿರೋದೆಲ್ಲಾ ಅಳಿಸಿ ಹೊಸದಾಗಿ ಸಿದ್ಧ ಮಾಡೋದು), ಒಳಗೆ ಪ್ರಿಂಟ್ ಮಾಡ್ಬೇಕಾಗಿರೋ ಫೋಟೋ ಮಾತ್ರ ಇಡಿ, ಬೇರೆ ಏನೂ ಬೇಡ. ಯಾಕಂದ್ರೆ ಮಷೀನ್ ಇಡೀ ಡ್ರೈವ್ ಹುಡುಕಿ ಎಲ್ಲಾ ಚಿತ್ರಗಳನ್ನ ಲಿಸ್ಟ್ ಮಾಡತ್ತೆ, ಆಫೀಸ್ ಫೈಲು ಸಿನಿಮಾ ಎಲ್ಲಾ ತುಂಬಿರೋ ಡ್ರೈವ್ ಹಾಕಿದ್ರೆ ಆ ಲೋಡಿಂಗ್ ಚಕ್ರ ನೋಡ್ತಾ ನಿಂತಿರ್ಬೇಕು. ಬೇರೆ ಬೇರೆ ಸೈಜ್ ಬೇಕಿದ್ರೆ ಸೈಜಿಗೊಂದು ಫೋಲ್ಡರ್ ಮಾಡಿ ಅಳತೇನೇ ಹೆಸರಿಟ್ಬಿಡಿ. ಫೋಲ್ಡರ್ ಹೆಸರು ಕನ್ನಡದಲ್ಲಿ ಇಟ್ರೆ ಕೆಲವು ಮಷೀನಲ್ಲಿ ಬರೀ ಡಬ್ಬಿ ಡಬ್ಬಿ ಕಾಣತ್ತೆ, ಬೇಜಾರ್ ಆದ್ರೂ ಇಂಗ್ಲಿಷ್ ಅಕ್ಷರ ಅಥವಾ ಅಂಕಿ ಇಡಿ.

ಕ್ಯಾಮೆರಾದ ಎಸ್‌ಡಿ ಕಾರ್ಡ್ ನೇರವಾಗಿ ಹಾಕ್ತೀರಾ ಅಂದ್ರೆ ಪಕ್ಕದಲ್ಲಿರೋ ಚಿಕ್ಕ ಲಾಕ್ ಬಟನ್ ಕೆಳಗೆ ತಳ್ಳಿ ಆಮೇಲೆ ಹಾಕಿ. ದಿನಾ ಎಷ್ಟೋ ಜನರ ಪೆನ್‌ಡ್ರೈವ್ ಹೊಕ್ಕು ಬಂದಿರೋ ಕಂಪ್ಯೂಟರ್ ಅದು, ವೈರಸ್ ಅಂಟೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಲಾಕ್ ಇದ್ರೆ ಕಾರ್ಡ್ ರೀಡರ್ ಸಾಮಾನ್ಯವಾಗಿ ಅದ್ರ ಮೇಲೆ ಏನೂ ಬರೆಯೋಕೆ ಬಿಡಲ್ಲ. ಮೈಕ್ರೋ ಎಸ್‌ಡಿಗೆ ಲಾಕ್ ಇರಲ್ಲ, ಆದ್ರೆ ಅದನ್ನ ಕೂರಿಸೋ ಅಡಾಪ್ಟರ್‌ಗೆ ಇರತ್ತೆ. ಪೆನ್‌ಡ್ರೈವ್‌ಗಳಿಗೆ ಸಾಮಾನ್ಯವಾಗಿ ಈ ಸೌಕರ್ಯ ಇಲ್ಲ, ಅದಕ್ಕೇ ಅದ್ರಲ್ಲಿ ಕಾಪಿ ಮಾತ್ರ ಇಟ್ಟು, ಮನೆಗೆ ಬಂದ ಮೇಲೆ ಸ್ಕ್ಯಾನ್ ಮಾಡಿ ಇಲ್ಲಾ ಫಾರ್ಮ್ಯಾಟ್ ಹೊಡೆದುಬಿಡಿ. ಒಂದೇ ಕಾಪಿ ಇರೋ ಫೋಟೋಗಳ ಕಾರ್ಡ್‌ನ ಯಾವ ಮಷೀನಿಗೂ ಹಾಕ್ಬೇಡಿ.

ಫೋನ್‌ನೇ ಕೇಬಲಲ್ಲಿ ಹಾಕೋದಾದ್ರೆ ಸ್ಕ್ರೀನ್ ಅನ್‌ಲಾಕ್ ಇರ್ಲಿ. ಆಂಡ್ರಾಯ್ಡ್ ಮೊದಲು ಬರೀ ಚಾರ್ಜಿಂಗ್ ಅಂತ ತಗೊಳತ್ತೆ, ನೋಟಿಫಿಕೇಶನ್ ಎಳೆದು ಫೈಲ್ ಟ್ರಾನ್ಸ್‌ಫರ್ ಅಂತ ಬದಲಾಯಿಸ್ಬೇಕು. ಐಫೋನ್ ಈ ಕಂಪ್ಯೂಟರ್ ನಂಬಬಹುದಾ ಅಂತ ಕೇಳತ್ತೆ, ಒಪ್ಪಿದ್ರೆ ಮಾತ್ರ ಫೋಟೋ ಕಾಣತ್ತೆ. ಐಫೋನಲ್ಲಿ ಇನ್ನೊಂದು ಮೋಸ ಇದೆ, ಕೇಬಲಲ್ಲಿ ನೋಡಿದಾಗ ಎಡಿಟ್ ಮಾಡಿದ ಫೋಟೋ ಒರಿಜಿನಲ್ ಪಕ್ಕದಲ್ಲಿ ಬೇರೆ ಫೈಲಾಗಿ ಇರತ್ತೆ, ಹೆಸರಲ್ಲಿ ಐಎಂಜಿ ಆದ ಮೇಲೆ ಅಂಕಿಗೆ ಮುಂಚೆ ಇ ಅನ್ನೋ ಅಕ್ಷರ ಸೇರಿರತ್ತೆ. ನೀವು ಕಷ್ಟ ಪಟ್ಟು ಕ್ರಾಪ್ ಮಾಡಿದ್ದು ಅದು, ಅದನ್ನ ಬಿಟ್ಟು ಪಕ್ಕದ್ದನ್ನ ಆರಿಸಿದ್ರೆ ಮಾಡಿದ ಕೆಲಸ ಎಲ್ಲಾ ನೀರಲ್ಲಿ ಹೋಮ.

ಈಗ ಹೊಸ ಮಷೀನ್‌ಗಳಲ್ಲಿ ಕ್ಯೂಆರ್ ಕೋಡ್ ಬರತ್ತೆ, ಸ್ಕ್ಯಾನ್ ಮಾಡಿ ವೈಫೈ ಮೂಲಕ ಕಳಿಸೋದು. ಇದು ಅನುಕೂಲನೇ, ಆದ್ರೆ ಅರ್ಧಕ್ಕೆ ನಿಂತೋಗೋಕೆ ಒಂದು ಮುಖ್ಯ ಕಾರಣ: ಕಿಯಾಸ್ಕ್‌ನ ಆ ವೈಫೈನಲ್ಲಿ ಇಂಟರ್ನೆಟ್ ಇಲ್ದೇ ಇದ್ರೆ ಫೋನ್ "ಇಲ್ಲಿ ನೆಟ್ ಇಲ್ಲ" ಅಂತ ತಾನಾಗೇ ಮೊಬೈಲ್ ಡೇಟಾಗೆ ಜಿಗಿದುಬಿಡತ್ತೆ. ಆ ಐದು ನಿಮಿಷ ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಇದ್ರೆ ಅದನ್ನೂ ಆಫ್ ಮಾಡಿ, ಸ್ಕ್ರೀನ್ ಲಾಕ್ ಆಗದ ಹಾಗೆ ನೋಡ್ಕೊಳ್ಳಿ. ಮುಗಿದ ಮೇಲೆ ಆ ನೆಟ್‌ವರ್ಕ್‌ನ ಫರ್ಗೆಟ್ ಮಾಡಿ. ಬ್ಲೂಟೂತ್ ಆಪ್ಷನ್ ಇದ್ರೆ ಒಂದೆರಡು ಫೋಟೋಗೆ ಸರಿ, ಅದಕ್ಕಿಂತ ಜಾಸ್ತಿಗೆ ತಾಳ್ಮೆ ಪರೀಕ್ಷೆ. ಇನ್ನು ಸ್ಕ್ರೀನ್ ಮೇಲೆ ಫೇಸ್‌ಬುಕ್ಕೋ ಗೂಗಲ್ಲೋ ಲಾಗಿನ್ ಮಾಡಿ ಅಂತ ಬಂದ್ರೆ ಮಾಡ್ಬೇಡಿ. ಸಾರ್ವಜನಿಕ ಮಷೀನಲ್ಲಿ ಪಾಸ್‌ವರ್ಡ್ ಟೈಪ್ ಮಾಡೋದು ಯಾವ ಫೋಟೋಗೂ ಬೇಕಾಗಿಲ್ಲ.

ಸ್ಕ್ರೀನ್ ಮುಂದೆ

ಇಲ್ಲಿವರೆಗೆ ಹೇಳಿದ್ದು ಮಾಡಿದ್ರೆ ಇಲ್ಲಿ ಕೆಲಸ ಬಹಳ ಕಮ್ಮಿ. ಸೈಜ್ ಆರಿಸಿ, ಫೋಟೋ ಆರಿಸಿ, ಮುಂದೆ. ಎರಡು ಕಡೆ ಮಾತ್ರ ಕಣ್ಣಿಟ್ಟಿರಿ. ಒಂದು, ಆಟೋ ಎನ್‌ಹ್ಯಾನ್ಸ್ ಥರದ ಒಂದು ಆಪ್ಷನ್ ಬಹಳ ಕಡೆ ತಾನಾಗೇ ಆನ್ ಇರತ್ತೆ. ಎಡಿಟ್ ಮಾಡದ ಫೋಟೋಗೆ ಅದು ಒಳ್ಳೇದೇ ಮಾಡಬಹುದು, ಆದ್ರೆ ನೀವು ಆಗ್ಲೇ ಬೆಳಕು ಸರಿ ಮಾಡಿರೋದಕ್ಕೆ ಮತ್ತೆ ಬೆಳಕು ಸುರಿದು ಮುಖ ಬೆಳ್ಳಗೆ ಹಾರಿಸಿಬಿಡತ್ತೆ, ದೀಪದ ಬೆಳಕಿನ ಫೋಟೋದ ಆ ಹೊಂಬಣ್ಣನೂ ತೊಳೆದುಹಾಕತ್ತೆ. ಎಡಿಟ್ ಮಾಡಿದ್ರೆ ಆಫ್ ಮಾಡಿ. ಎರಡು, ಎಷ್ಟು ಕಾಪಿ ಅನ್ನೋದು. ಎಲ್ಲಾದಕ್ಕೂ ಅನ್ವಯಿಸು ಅನ್ನೋ ಬಟನ್ ಗೊತ್ತಿಲ್ದೇ ತಾಗಿ ಒಂದೊಂದು ಫೋಟೋನೂ ಮೂರು ಮೂರು ಬಂದ್ರೆ ದುಡ್ಡು ವಾಪಸ್ ಕೇಳೋದು ಕಷ್ಟ, ಕೊನೇ ಪೇಜಲ್ಲಿ ಒಟ್ಟು ಪ್ರಿಂಟ್ ಎಷ್ಟು ಅಂತ ತೋರಿಸತ್ತಲ್ಲ, ಆ ಸಂಖ್ಯೆ ಮನೇಲಿ ಎಣಿಸಿದ್ದಕ್ಕೆ ತಾಳೆ ಆಗತ್ತಾ ನೋಡಿ ಆಮೇಲೆ ಒತ್ತಿ.

ಪ್ರಿಂಟ್ ಜಾಸ್ತಿ ಇದ್ರೆ ಮೊದಲು ಒಂದೇ ಒಂದು ಹಾಕಿಸಿ ನೋಡಿ. ಮುಖ ಇರೋ, ಸ್ವಲ್ಪ ನೆರಳೂ ಇರೋ ಫೋಟೋ ಆರಿಸಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬಣ್ಣ ಬೇರೆ ಥರ ಕಾಣತ್ತೆ, ಬಾಗ್ಲ ಹತ್ರ ಹೋಗಿ ಹಗಲು ಬೆಳಕಲ್ಲಿ ನೋಡಿ. ಸರಿ ಅನ್ನಿಸಿದ್ರೆ ಉಳಿದಿದ್ದು. ಡೈಸಬ್ ಮಷೀನಲ್ಲಿ 4 ಬೈ 6 ಒಂದು ಬರೋಕೆ ಹತ್ತಿಪ್ಪತ್ತು ಸೆಕೆಂಡ್ ಸಾಕು, ಹಾಗಾಗಿ ಇದಕ್ಕೆ ಸಮಯ ಇಲ್ಲ ಅನ್ನೋ ಮಾತೇ ಇಲ್ಲ.

ಪಾಸ್‌ಪೋರ್ಟ್ ಸೈಜ್ ಫೋಟೋ ಮಾಡಿಸೋದಾದ್ರೆ ಬೇರೆ ಎಚ್ಚರಿಕೆ ಬೇಕು. ಮಷೀನಲ್ಲಿ ಐಡಿ ಫೋಟೋ ಅಂತ ಬೇರೆ ಮೆನುನೇ ಇರತ್ತೆ, ತಲೆ ಎಲ್ಲಿ ಗಲ್ಲ ಎಲ್ಲಿ ಬರ್ಬೇಕು ಅಂತ ಗೆರೆ ತೋರಿಸತ್ತೆ, ಅದ್ರಲ್ಲೇ ಮಾಡಿ. ಕೆಲವು ದೇಶದ್ದು 35 ಬೈ 45 ಮಿಲಿಮೀಟರ್, ಕೆಲವ್ರದ್ದು 2 ಬೈ 2 ಇಂಚ್, ಅರ್ಜಿಲಿ ಏನ್ ಬರೆದಿದ್ದಾರೋ ಅದನ್ನೇ ಆರಿಸಿ, ಅಂದಾಜಲ್ಲಿ ಬೇಡ. 35 ಬೈ 45 ಆದ್ರೆ ಒಂದು 4 ಬೈ 6 ಪೇಪರಲ್ಲಿ 8 ಕೂರತ್ತೆ, 2 ಬೈ 2 ಆದ್ರೆ 6. ಮನೇಲೇ ಶೀಟ್ ಮಾಡ್ಕೊಂಡು ಬಂದು ಮಾಮೂಲಿ ಫೋಟೋ ಥರ ಪ್ರಿಂಟ್ ಹಾಕಿದ್ರೆ ಆಗ್ಲೇ ಹೇಳಿದ್ನಲ್ಲ, ಅಂಚು ತಿನ್ನೋಕೆ ಮಷೀನ್ ಹಿಗ್ಗಿಸತ್ತೆ, 35 ಇದ್ದಿದ್ದು 36 ಆಗಬಹುದು, ಪ್ರಿಂಟ್ ಬಂದ ತಕ್ಷಣ ಸ್ಕೇಲ್ ಇಟ್ಟು ಅಳೆಯಿರಿ. ಬ್ಯೂಟಿ ಮೋಡಲ್ಲಿ ತೆಗೆದ ಸೆಲ್ಫಿ ಇದಕ್ಕೆ ನಡಿಯಲ್ಲ, ಮೂಗು ಕೂಡ ಬೇರೆಯವ್ರದ್ದು ಥರ ಇರತ್ತೆ.

ಹೊರಡೋ ಮುಂಚೆ

ಪ್ರಿಂಟ್‌ಗಳನ್ನ ಅಲ್ಲೇ ಒಂದೊಂದಾಗಿ ನೋಡಿ. ಬಿಳಿ ಚುಕ್ಕಿ ಕಂಡ್ರೆ ಧೂಳು ಕೂತಿತ್ತು ಅಂತ ಅರ್ಥ. ಎಲ್ಲಾ ಪ್ರಿಂಟಲ್ಲೂ ಒಂದೇ ಜಾಗದಲ್ಲಿ ಸಣ್ಣ ಗೆರೆ ಉದ್ದಕ್ಕೆ ಓಡಿದ್ರೆ ಪ್ರಿಂಟ್ ಹೆಡ್ (ಬಿಸಿ ಮಾಡೋ ಆ ಹೀಟರ್‌ಗಳ ಸಾಲು) ಕೊಳೆಯಾಗಿರ್ಬಹುದು, ಅದನ್ನ ಕ್ಲೀನ್ ಮಾಡದೇ ಮತ್ತೆ ಹಾಕಿದ್ರೂ ಅದೇ ಗೆರೆ ಬರತ್ತೆ, ಸಿಬ್ಬಂದಿಗೆ ತೋರಿಸಿ. ಅಂಚಲ್ಲಿ ಬಣ್ಣಗಳು ಒಂದ್ರಿಂದೊಂದು ಜಾರಿ ನೆರಳು ನೆರಳಾಗಿ ಕಂಡ್ರೆ ಪೇಪರ್ ಓಡಾಟದಲ್ಲಿ ಎಡವಟ್ಟಾಗಿದೆ. ಇವು ಮೂರೂ ಮಷೀನ್ ತಪ್ಪು, ಮತ್ತೆ ಹಾಕಿಕೊಡಿ ಅಂತ ಕೇಳೋಕೆ ಸಂಕೋಚ ಬೇಡ. ತಲೆ ಕಟ್ ಆಗಿದ್ದು ನಿಮ್ಮ ತಪ್ಪು, ಅದನ್ನ ಕೇಳೋಕೆ ಹೋಗ್ಬೇಡಿ.

ಸೆಷನ್ ಮುಗಿಸು ಅನ್ನೋ ಬಟನ್ ಒತ್ತಿ, ಮೊದಲ್ನೇ ಪೇಜ್ ಬಂದ ಮೇಲೇ ಪೆನ್‌ಡ್ರೈವ್ ತೆಗೀರಿ, ಅದನ್ನ ಅಲ್ಲೇ ಬಿಟ್ಟು ಹೋಗೋರು ಕಮ್ಮಿ ಇಲ್ಲ. ಸ್ಕ್ರೀನಿಂದ ಫೋಟೋ ಹೋದ್ರೂ ಆ ಡೈಸಬ್ ರಿಬ್ಬನ್ ಇದ್ಯಲ್ಲ, ಬಣ್ಣ ಎಲ್ಲೆಲ್ಲಿ ಇಳೀತೋ ಅಲ್ಲಲ್ಲಿ ಖಾಲಿಯಾಗಿ, ನಿಮ್ಮ ಫೋಟೋದ ನೆಗೆಟಿವ್ ಥರದ ಅಚ್ಚು ಅದ್ರ ಮೇಲೆ ಉಳಿದಿರತ್ತೆ, ಬೆಳಕಿಗೆ ಹಿಡಿದ್ರೆ ಯಾರು ಅಂತ ಗೊತ್ತಾಗೋ ಅಷ್ಟು. ಅದು ಕೊನೆಗೆ ಕಸಕ್ಕೆ ಹೋಗತ್ತೆ. ಮದುವೆ ಮುಂಜಿ ಫೋಟೋಗೆ ತಲೆ ಕೆಡಿಸ್ಕೊಳ್ಳೋ ವಿಷಯ ಅಲ್ಲ, ಆದ್ರೆ ಯಾರೂ ನೋಡಬಾರ್ದು ಅನ್ನೋ ಫೋಟೋನೋ ಐಡಿ ಕಾರ್ಡ್ ಕಾಪಿನೋ ಆಗಿದ್ರೆ ಸಾರ್ವಜನಿಕ ಮಷೀನಲ್ಲಿ ಹಾಕ್ಬೇಡಿ.

ಮನೆಗೆ ತಂದ ಮೇಲೆ ಹಿಂದೆ ತಾರೀಕು ಹೆಸರು ಬರೀತೀರಾ ಅಂದ್ರೆ ಬಾಲ್‌ಪೆನ್ ಒತ್ತಿ ಬರೀಬೇಡಿ, ಮುಂದಿನ ಕಡೆ ಉಬ್ಬಿ ಕಾಣತ್ತೆ, ತೆಳು ಮಾರ್ಕರ್ ತಗೊಂಡು ಬರೆದು ಒಣಗೋಕೆ ಬಿಟ್ಟು ಆಮೇಲೆ ಒಂದರ ಮೇಲೊಂದು ಇಡಿ. ಕಟಕಟ ಅನ್ನೋ, ಪ್ಲಾಸ್ಟಿಕ್ ವಾಸನೆ ಹೊಡೆಯೋ ಅಗ್ಗದ ಪಿವಿಸಿ ಆಲ್ಬಮ್‌ಗಳಲ್ಲಿ ಡೈಸಬ್ ಪ್ರಿಂಟ್ ಇಡ್ಬೇಡಿ, ಪಿವಿಸಿ ಮೆತ್ತಗಿರ್ಲಿ ಅಂತ ಸೇರಿಸೋ ರಾಸಾಯನಿಕ ಫೋಟೋದ ಬಣ್ಣನ ಎಳ್ಕೊಳತ್ತೆ, ಪಾಲಿಪ್ರೊಪಿಲೀನ್ ಅಥವಾ ಪಿವಿಸಿ ಇಲ್ಲ ಅಂತ ಬರೆದಿರೋ ಆಲ್ಬಮ್ ನೋಡಿ ತಗೊಳ್ಳಿ. ಫೋಟೋ ಮೇಲೆ ಟೇಪ್ ಅಂಟಿಸ್ಬೇಡಿ. ರೋಲ್ ಪೇಪರ್ ಆದ್ದರಿಂದ ಪ್ರಿಂಟ್ ಸ್ವಲ್ಪ ಸುರುಳಿ ಸುತ್ತಿರತ್ತೆ, ಎರಡು ಬಿಳಿ ಹಾಳೆ ಮಧ್ಯ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದ್ರೆ ಒಂದೆರಡು ದಿನದಲ್ಲಿ ಚಪ್ಪಟೆ ಆಗತ್ತೆ.